ತುರ್ತಾಗಿ ಪಾಲಕ್ ಬೇಕು

ಹರಿಹರನ ಶುಕ್ರವಾರವನ್ನು ಕೆಡಿಸಿದ್ದು ಒಂದೇ ಒಂದು ‘ಅ’ಕಾರ. ಆದರೆ ಅದಕ್ಕೂ ಮೊದಲು ಒಂದು ‘ಹೂಂ’ ಇತ್ತು. ನ್ಯಾಯವಾಗಿ ನೋಡಿದರೆ ಕತೆ ಆ ಹೂಂನಿಂದಲೇ ಶುರುವಾಗಬೇಕು.

ಆ ಹೂಂ ಹುಟ್ಟಿದ್ದು ಆಗಸ್ಟ್ ತಿಂಗಳಲ್ಲಿ, ಜಪಾನಿನ ಎಡೋಗಾವಾದ ಅಪಾರ್ಟ್‌ಮೆಂಟೊಂದರ ಆರನೇ ಮಹಡಿಯ ಅಡುಗೆಮನೆಯಲ್ಲಿ. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಮಕ್ಕಳು ಹುಟ್ಟಿದ ಮೇಲೆ ಗಂಡ ಹೆಂಡತಿ ಇಬ್ಬರೇ ಕೂತು ಒಂದು ಲೋಟ ಕಾಫಿಯನ್ನು ಬಿಸಿಯಾಗಿ ಕುಡಿದದ್ದೇ ಇಲ್ಲ. ನವೆಂಬರಿನಲ್ಲಿ ಎರಡು ದಿನದ ಮಟ್ಟಿಗೆ ಒಕಿನಾವಾದ ಸಮುದ್ರ ನೋಡಿ ಬರೋಣವೆಂದು ಟಿಕೆಟ್ ಮಾಡಿಸಿದಾಗ ನೀರಜಾ ಒಂದು ಷರತ್ತು ಹಾಕಿದಳು.

“ನೋಡಿ, ಇಬ್ಬರೂ ಒಂದೇ ವಿಮಾನದಲ್ಲಿ ಹೋಗ್ತಿದ್ದೀವಿ. ಏನಾದ್ರೂ ಆದ್ರೆ, ಮೈಸೂರಿಂದ ಅಪ್ಪ ಅಮ್ಮ ವೀಸಾ ತಗೊಂಡು ಬರೋವರೆಗೂ ಮಕ್ಕಳು ಯಾರ ಹತ್ರ ಇರ್ಬೇಕು? ಹತ್ತಿರದಲ್ಲೇ ಇರೋರು, ಮಕ್ಕಳನ್ನ ಬಲ್ಲೋರು, ಯಾರಾದ್ರೂ ಒಬ್ಬರ ಹೆಸರು ಕಾಗದದ ಮೇಲೆ ಇರ್ಲೇಬೇಕು. ವಕೀಲರ ಹತ್ರ ನನ್ನ ಸಹಿ ನಾನು ಹಾಕಿ ಬಂದಿದ್ದೀನಿ. ಮಿಕ್ಕಿದ್ದು ನೀವು ಮಾಡಿಸಿಬಿಡಿ. ಅದಿಲ್ದೆ ನಾನಂತೂ ವಿಮಾನ ಹತ್ತಲ್ಲ.”

“ಹೂಂ,” ಎಂದ ಹರಿಹರ.

ಅವನ ಹೂಂಗೆ ಒಪ್ಪಿಗೆ ಎಂಬ ಅರ್ಥವಿರಲಿಲ್ಲ. ಅದು ಕಿವಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತ ವಾಚ್‌ಮನ್‌ನಂತೆ. ಬಂದ ಮಾತಿಗೆ ಸಲಾಮು ಹೊಡೆದು, ಒಳಗೆ ಬಿಡದೆ ಹಾಗೇ ಕಳಿಸಿಬಿಡುತ್ತಿತ್ತು. ಜಪಾನಿಗೆ ಬಂದು ಆರು ವರ್ಷವಾದರೂ ಅವನ ಜಪಾನಿ ಭಾಷೆ ಮೂರು ಮಾತು ದಾಟಿರಲಿಲ್ಲ: ತಪ್ಪಾಯಿತು ಎನ್ನುವುದಕ್ಕೆ ಸುಮಿಮಾಸೆನ್, ಉಪಕಾರವಾಯಿತು ಎನ್ನುವುದಕ್ಕೆ ಅರಿಗಾತೋ, ಹೌದು ಎನ್ನುವುದಕ್ಕೆ ಹಾಯ್. ಮೂರರಲ್ಲಿ ಹಾಯ್ ಅವನಿಗೆ ಬಹಳ ಹಿಡಿಸಿತ್ತು. ಹೂಂ ಮನೆಯೊಳಗೆ ಮಾಡುವ ಕೆಲಸವನ್ನೇ ಅದು ಮನೆಯ ಹೊರಗೆ ಮಾಡುತ್ತಿತ್ತು.

ಸೆಪ್ಟೆಂಬರಿನಲ್ಲಿ ನೀರಜಾ, “ವಕೀಲರ ಕೆಲಸ ಆಯ್ತಾ?” ಎಂದಳು. ಹೂಂ. ಅಕ್ಟೋಬರಿನಲ್ಲಿ, “ಕಾಗದ ಫೈಲಲ್ಲಿದೆ ತಾನೆ?” ಎಂದಳು. ಹೂಂ. ಹೊರಡುವ ಹಿಂದಿನ ದಿನ, ಶುಕ್ರವಾರ ಬೆಳಿಗ್ಗೆ, ಆಫೀಸಿಗೆ ಹೊರಟು ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ಅವಳು ತಲೆ ಎತ್ತದೆಯೇ ಹೇಳಿದಳು:

“ರೀ, ಆ ಕಾಗದ ತೆಗೆದು ಟೇಬಲ್ ಮೇಲೆ ಇಟ್ಟಿರಿ. ಸಂಜೆ ಬಂದು ಒಂದ್ಸಲ ಓದ್ತೀನಿ. ನಾಳೆ ಬೆಳಿಗ್ಗೆ ಏಳೂವರೆಗೆ ಫ್ಲೈಟು.”

ಈ ಸಲ ಹೂಂ ಗಂಟಲಲ್ಲೇ ನಿಂತಿತು. ಬಾಗಿಲು ಮುಚ್ಚಿದ ಮೇಲೆ ಹರಿಹರನಿಗೆ ಒಕಿನಾವಾದ ಸಮುದ್ರ ಒಂದೊಂದು ಅಲೆಯಾಗಿ ಹಿಂದೆ ಸರಿಯುವುದು ಕಾಣಿಸಿತು.

ವಕೀಲ ಒಕುಮುರಾ ಅವರಿಗೆ ಫೋನು ಮಾಡಿದ. ಅವರು ನಿಧಾನವಾದ ಇಂಗ್ಲಿಷಿನಲ್ಲಿ, ಗಾಜಿನ ಪಾತ್ರೆ ಜೋಡಿಸಿಡುವವರಂತೆ ಮಾತಾಡಿದರು. ಕಾಗದ ಆಗಸ್ಟಿನಿಂದಲೂ ಸಿದ್ಧವಾಗಿದೆ. ಶ್ರೀಮತಿಯವರ ಸಹಿ ಇದೆ, ತಮ್ಮದಿಲ್ಲ. ಮಕ್ಕಳನ್ನು ನೋಡಿಕೊಳ್ಳುವವರ ಹೆಸರಿನ ಜಾಗವೂ ಖಾಲಿ ಇದೆ. ಇಂದು ಸಂಜೆ ನಾಲ್ಕೂವರೆಗೆ ಬರಬಹುದು. ಆದರೆ ಆ ವ್ಯಕ್ತಿಯನ್ನು ಕರೆದುಕೊಂಡೇ ಬರಬೇಕು. ಮುಖ ನೋಡದೆ ವಕೀಲರ ಮುದ್ರೆ ಬೀಳುವುದಿಲ್ಲ.

“ಹಾಯ್, ಹಾಯ್,” ಎಂದು ಹರಿಹರ ಗೋಡೆಗೆ ಬಗ್ಗಿ ನಮಸ್ಕಾರ ಮಾಡಿದ.

ಮೊದಲು ನೆನಪಾದದ್ದು ಎರಡನೇ ಮಹಡಿಯ ಕಾಮಾಕ್ಷಿ. ಒಕಿನಾವಾದ ಎರಡು ದಿನ ಮಕ್ಕಳನ್ನು ತನ್ನ ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದ್ದವಳು ಅವಳೇ.

“ಅಯ್ಯೋ, ಎರಡು ದಿನ ಯಾಕೆ, ಹತ್ತು ದಿನ ನೋಡ್ಕೊಳ್ತೀನಿ ಹರಿಹರ,” ಎಂದಳು ಕಾಮಾಕ್ಷಿ. “ಆದ್ರೆ ಕಾಗದದಲ್ಲಿ ನನ್ನ ಹೆಸರು ಹಾಕ್ಸಿ ಏನು ಪ್ರಯೋಜನ? ಡಿಸೆಂಬರ್‌ಗೆ ನಾವೇ ಬೆಂಗಳೂರಿಗೆ ವಾಪಸ್ ಹೋಗ್ತಿದ್ದೀವಲ್ಲ. ಗ್ರೂಪಲ್ಲಿ ಕೇಳಿ. ಅಷ್ಟು ಜನ ಇದ್ದಾರೆ, ಯಾರಾದ್ರೂ ಸಿಕ್ತಾರೆ.”

ಗ್ರೂಪು ಎಂದರೆ ಎಡೋಗಾವಾ ಕನ್ನಡ ಬಳಗದ ವಾಟ್ಸಾಪ್ ಗುಂಪು. ಅದರ ಅಡ್ಮಿನ್ ಉಮಾಶಂಕರ್ ರಾಜ್ಯೋತ್ಸವದ ಗೌರವಾರ್ಥ ನವೆಂಬರಿನ ಪ್ರತಿ ಶುಕ್ರವಾರವನ್ನೂ ಕನ್ನಡ ಶುಕ್ರವಾರ ಎಂದು ಘೋಷಿಸಿದ್ದರು. ಅಂದು ಯಾರಾದರೂ ಒಂದು ಇಂಗ್ಲಿಷ್ ಪದ ಬಳಸಿದರೆ ಅದನ್ನು ಕೆಂಪು ಬಣ್ಣದಲ್ಲಿ ಸುತ್ತು ಹಾಕಿ, ಫೋಟೋ ತೆಗೆದು, ಮತ್ತೆ ಗುಂಪಿಗೇ ಹಾಕುತ್ತಿದ್ದರು. ಹಿಂದಿನ ವಾರ ‘ಗುಡ್ ಮಾರ್ನಿಂಗ್’ ಎಂದವರೊಬ್ಬರು ಇನ್ನೂ ಚೇತರಿಸಿಕೊಂಡಿರಲಿಲ್ಲ.

ಹಾಗಾಗಿ ಗಾರ್ಡಿಯನ್ ಎಂದು ಬರೆಯುವಂತಿರಲಿಲ್ಲ. ಹರಿಹರ ಹತ್ತು ನಿಮಿಷ ಯೋಚಿಸಿದ. ಶಾಲೆಯ ಅಂಕಪಟ್ಟಿಯ ಕೆಳಗೆ ‘ಪಾಲಕರ ಸಹಿ’ ಎಂದು ಇರುತ್ತಿದ್ದದ್ದು ನೆನಪಾಗಿ ಮುಖ ಅರಳಿತು. ಫೋನಿನಲ್ಲಿ ಕನ್ನಡ ಅಕ್ಷರ ಇರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಒತ್ತಿದ. ಆ ಫೋನಿಗೆ ಅವನ ಕನ್ನಡಕ್ಕಿಂತ ತನ್ನ ಬುದ್ಧಿಯ ಮೇಲೇ ಹೆಚ್ಚು ನಂಬಿಕೆ. ‘ಪಾಲಕ’ದ ಕೊನೆಯ ‘ಅ’ಕಾರವನ್ನು ಸದ್ದಿಲ್ಲದೆ ಉದುರಿಸಿತು. ಗುಂಪಿಗೆ ಹೋದ ಸಂದೇಶ ಹೀಗಿತ್ತು:

“ತುರ್ತು! ನಮ್ಮ ಮಕ್ಕಳಿಗೆ ಒಳ್ಳೆಯ ಪಾಲಕ್ ಬೇಕು. ಇವತ್ತೇ ಬೇಕು, ಸಂಜೆ ನಾಲ್ಕರೊಳಗೆ. ದಯವಿಟ್ಟು ಸಹಾಯ ಮಾಡಿ.”

ಹರಿಹರ ಅದನ್ನು ಮತ್ತೆ ಓದಲಿಲ್ಲ. ಮನೆಯಿಂದಲೇ ಆಫೀಸು ಕೆಲಸ. ಹನ್ನೊಂದಕ್ಕೆ ಮೀಟಿಂಗ್ ಇತ್ತು.

ಹತ್ತೂವರೆಗೆ ಬೆಲ್ಲಾಯಿತು. ನಾಲ್ಕನೇ ಮಹಡಿಯ ಲೀಲಾವತಿ ಎರಡು ಕೈಯಲ್ಲೂ ಸೊಪ್ಪಿನ ಕಟ್ಟು ಹಿಡಿದು ನಿಂತಿದ್ದರು. ಬೇರಿನ ಮಣ್ಣು ತೊಳೆದು, ಒದ್ದೆ ಪೇಪರಿನಲ್ಲಿ ಸುತ್ತಿ, ಹಳದಿ ಎಲೆಗಳನ್ನೆಲ್ಲ ತೆಗೆದು ತಂದಿದ್ದರು. ತಮ್ಮ ಮನೆಗಾದರೆ ಅವರು ಅಷ್ಟು ಮಾಡಿಕೊಳ್ಳುತ್ತಿರಲಿಲ್ಲ.

“ಕೆಳಗಿನ ತರಕಾರಿ ಅಂಗಡೀಲಿ ಇದ್ದದ್ದೆಲ್ಲ ಬಾಚ್ಕೊಂಡು ಬಂದೆ. ಮಕ್ಕಳಿಗೆ ಹಿಮೋಗ್ಲೋಬಿನ್ ಎಷ್ಟಿದೆಯಂತೆ?”

“ಏನು ಲೀಲಕ್ಕ ಇದು?”

“ಪಾಲಕ್ಕು! ನೀನೇ ಕೇಳಿದ್ಯಲ್ಲಪ್ಪ.”

ಹರಿಹರ ಫೋನು ನೋಡಿದ. ಹಣೆ ಚಚ್ಚಿಕೊಂಡ. “ಅಯ್ಯೋ, ನಾನು ಕೇಳಿದ್ದು ಪಾಲಕ ಲೀಲಕ್ಕ. ಪಾಲಕ, ಗಾರ್ಡಿಯನ್. ನಾಳೆ ನಾನೂ ನೀರಜಾನೂ ಒಟ್ಟಿಗೆ ಹೋಗ್ತಿದ್ದೀವಲ್ಲ. ನಮ್ಮಿಬ್ಬರಿಗೂ ಏನಾದ್ರೂ ಆಗಿಹೋದ್ರೆ—”

“ಬಿಡ್ತು ಅನ್ನು!” ಲೀಲಾವತಿ ಸೊಪ್ಪನ್ನು ಎದೆಗೆ ಅವಚಿಕೊಂಡರು.

“ಅಲ್ಲ ಲೀಲಕ್ಕ, ಒಂದು ಮಾತಿಗೆ. ಅಕಸ್ಮಾತ್ ವಿಮಾನ—”

“ಬಿಡ್ತು ಅನ್ನು ಅಂದ್ನಲ್ಲ! ನಾಳೆ ಪ್ರಯಾಣ, ಇವತ್ತು ಇಂಥಾ ಮಾತಾಡ್ತಾರೇನೋ? ಮೊದಲು ಅನ್ನು.”

“ಬಿಡ್ತು.”

“ಮೂರು ಸಲ.”

ಮೂರು ಸಲ ಹೇಳಿಸಿದ ಮೇಲೆಯೇ ಅವರು ಸೊಪ್ಪು ಕೆಳಗಿಟ್ಟದ್ದು. ವಕೀಲರ ಕಾಗದದ ಮಾತು ಎತ್ತಿದಾಗಲೆಲ್ಲ ಎರಡು ಕಿವಿಯನ್ನೂ ಮುಚ್ಚಿಕೊಂಡರು. ಜಪಾನಿನ ಕಾನೂನಿನಲ್ಲಿ ‘ಏನಾದರೂ ಆದರೆ’ ಎಂಬುದಕ್ಕೆ ಒಂದು ಇಡೀ ಪುಟ ಇತ್ತು. ಲೀಲಾವತಿಯವರ ಹತ್ತಿರ ಒಂದೇ ಪದ. ಆ ಪದ ಆದ ಮೇಲೆ ಚರ್ಚೆಗೆ ಜಾಗವಿರಲಿಲ್ಲ. “ದೇವರ ಮುಂದೆ ದೀಪ ಹಚ್ತೀನಿ, ನಿಂಗೇನೂ ಆಗಲ್ಲ,” ಎಂದು ಅವನ ಬೆನ್ನು ತಟ್ಟಿ, ಕಣ್ಣು ಒರೆಸಿಕೊಂಡು ಹೋದರು.

ಆ ಕಣ್ಣು ಒರೆಸಿಕೊಂಡದ್ದೇ ಮುಂದಿನ ಅನಾಹುತಕ್ಕೆ ಮೂಲ.

ಹನ್ನೊಂದರ ಮೀಟಿಂಗ್ ಶುರುವಾಗುವ ಹೊತ್ತಿಗೆ ಇನ್ನೂ ನಾಲ್ಕು ಮನೆಗಳ ಸೊಪ್ಪು ಬಾಗಿಲ ಹಿಡಿಯಲ್ಲಿ ನೇತಾಡುತ್ತಿತ್ತು. ಹರಿಹರ ಎಲ್ಲವನ್ನೂ ತಂದು ಹಿಂದಿನ ಸೋಫಾದ ಮೇಲೆ ರಾಶಿ ಹಾಕಿ ಕ್ಯಾಮೆರಾ ಮುಂದೆ ಕೂತ. ಅವನ ಮೇಲಧಿಕಾರಿ ಕುರೋಕಾವಾ-ಸಾನ್, ಅಂದರೆ ಕುರೋಕಾವಾ ಅವರು, ಮಾತು ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡರು.

“ಹರಿಹರ-ಸಾನ್, ನಿಮ್ಮ ಹಿಂದೆ ಇರುವುದು… ಹೋರೆನ್ಸೋ?”

ಪಾಲಕ್ ಸೊಪ್ಪಿಗೆ ಜಪಾನಿಯಲ್ಲಿ ಹೋರೆನ್ಸೋ ಎಂದೇ ಹೆಸರು. ಆದರೆ ಅಲ್ಲಿನ ಆಫೀಸುಗಳಲ್ಲಿ ಅದೇ ಹೋ-ರೆನ್-ಸೋ ಒಂದು ಮಂತ್ರ ಕೂಡ: ಮಾಡಿದ್ದನ್ನು ವರದಿ ಮಾಡು, ಆಗುವುದನ್ನು ತಿಳಿಸು, ಗೊತ್ತಿಲ್ಲದ್ದನ್ನು ಕೇಳು. ಯಾವುದನ್ನೂ ವರದಿ ಮಾಡದೆ, ತಿಳಿಸದೆ, ಕೇಳದೆ ಆರು ವರ್ಷ ಕಳೆದಿದ್ದ ಹರಿಹರನಿಗೆ ಕುರೋಕಾವಾ-ಸಾನ್ ಆ ಮಂತ್ರವನ್ನು ವಾರಕ್ಕೊಮ್ಮೆ ಉಪದೇಶಿಸುತ್ತಿದ್ದರು. ಈಗ ಅವನು ಅದನ್ನು ರಾಶಿಗಟ್ಟಲೆ ತಂದು ಬೆನ್ನ ಹಿಂದೆ ಪ್ರತಿಷ್ಠಾಪಿಸಿರುವುದನ್ನು ಕಂಡು ಅವರ ಮನಸ್ಸು ಕರಗಿತು.

“ಇಷ್ಟು ಗಂಭೀರವಾಗಿ ತೆಗೆದುಕೊಂಡಿದ್ದೀರೆಂದು ನನಗೆ ಗೊತ್ತಿರಲಿಲ್ಲ. ಸೋಮವಾರ ಎಲ್ಲರ ಮುಂದೆ ಈ ವಿಷಯದ ಮೇಲೆ ನೀವೇ ಅರ್ಧ ಗಂಟೆ ಮಾತಾಡಬೇಕು.”

“ಹಾಯ್,” ಎಂದಿತು ಹರಿಹರನ ಬಾಯಿ, ಅವನನ್ನು ಕೇಳದೆಯೇ.

ಒಂದು ಗಂಟೆಗೆ ಉಮಾಶಂಕರ್ ಬಂದರು. ಸೊಪ್ಪಿನ ಜೊತೆ ಬೀಟ್‌ರೂಟ್ ರಸದ ಬಾಟಲಿಯೂ ಇತ್ತು. ಒಳಗೆ ಬಂದವರು ಕೂರದೆ, ಹರಿಹರನ ಭುಜದ ಮೇಲೆ ಕೈಯಿಟ್ಟು, ಪಿಸುದನಿಯಲ್ಲಿ ಕೇಳಿದರು:

“ಡಾಕ್ಟರು ಏನಂತಾರೆ? ಯಾವ ಸ್ಟೇಜು?”

“ಯಾವ ಡಾಕ್ಟರು ಸರ್?”

“ನನ್ನ ಹತ್ರ ಮುಚ್ಚಿಡಬೇಡಿ ಹರಿ. ಲೀಲಾವತಿಯವರು ಲಿಫ್ಟಲ್ಲಿ ಅಳ್ತಾ ಇದ್ರಂತೆ. ಪಾಪ, ಹರಿ ವಕೀಲರ ಹತ್ರ ಎಲ್ಲ ಬರೆಸ್ತಾ ಇದ್ದಾನೆ, ಮಕ್ಕಳ ವ್ಯವಸ್ಥೆ ಮಾಡ್ತಾ ಇದ್ದಾನೆ ಅಂದ್ರಂತೆ. ರಕ್ತ ಕಮ್ಮಿ ಆಗೋ ಕಾಯಿಲೆ ಅಂತ ಈ ಸೊಪ್ಪು ನೋಡಿದ್ರೇ ಗೊತ್ತಾಗುತ್ತೆ.”

ತಾನು ಸಾಯುತ್ತಿಲ್ಲ ಎಂದು ನಂಬಿಸಲು ಹರಿಹರನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ನಂಬಿದ ಮೇಲೆ ಉಮಾಶಂಕರ್ ಮುಖದಲ್ಲಿ ಸಣ್ಣ ನಿರಾಶೆ ಸುಳಿದದ್ದೂ ಉಂಟು; ಬೆಳಿಗ್ಗೆಯಿಂದ ಅವರು ಎರಡು ಸಲ ಕಣ್ಣೀರು ಹಾಕಿದ್ದರು.

“ಹಾಗಾದ್ರೆ ಸರ್, ನೀವೇ ಪಾಲಕರಾಗಿಬಿಡಿ. ಒಂದು ಸಹಿ ಅಷ್ಟೆ.”

“ನಾನಾ?” ಉಮಾಶಂಕರ್ ಬೀಟ್‌ರೂಟ್ ರಸವನ್ನು ತಾವೇ ಒಂದು ಗುಟುಕು ಕುಡಿದರು. “ನನ್ನೆರಡು ಮಕ್ಕಳನ್ನೇ ನನ್ನ ಹೆಂಡ್ತಿ ನನ್ನ ಕೈಗೆ ಬಿಡಲ್ಲ ಮಾರಾಯ್ರೆ! ಹೋದ ತಿಂಗಳು ಪಾರ್ಕಿಗೆ ಕರ್ಕೊಂಡು ಹೋಗಿ ಬೇರೆಯವರ ಮಗೂನ ಕರ್ಕೊಂಡು ಬಂದೆ. ಅದಿರ್ಲಿ, ನೀವೀಗ ಸ್ಟೇಜು, ಗಾರ್ಡಿಯನ್ ಅಂತೆಲ್ಲ ಗ್ರೂಪಲ್ಲಿ ಬರೆದುಬಿಡಬೇಡಿ. ಶುಕ್ರವಾರ.”

ಮೂರು ಗಂಟೆಗೆ ಶಾಲೆಯ ಬಸ್ಸು ಬಂತು. ಐದು ವರ್ಷದ ತೇಜಸ್ವಿ ಕಾಮಾಕ್ಷಿಯ ಮಗನ ಜೊತೆ ಆಡಲು ಅವರ ಮನೆಗೇ ಓಡಿದ. ಒಂಬತ್ತು ವರ್ಷದ ಸಾಹಿತ್ಯ ಮೇಲೆ ಬಂದು ಸೋಫಾ ನೋಡಿ, “ಪಾಪಾ, ವೈ ಈಸ್ ದೇರ್ ಅ ಫಾರೆಸ್ಟ್?” ಎಂದಳು. ಕಾಡಿನ ಅಂಚಿನಲ್ಲಿ ಕೂತಿದ್ದ ಅಪ್ಪ, ಹೆಂಡತಿಗೆ ಏನು ಹೇಳುವುದು, ನಿಜ ಹೇಳಿದರೆ ಎಷ್ಟು ದಿನ, ಸುಳ್ಳು ಹೇಳಿದರೆ ಎಷ್ಟು ವರ್ಷ ಎಂದು ಲೆಕ್ಕ ಹಾಕುತ್ತಿದ್ದ.

ಆಗ ಮತ್ತೆ ಬೆಲ್ಲಾಯಿತು.

ಬಾಗಿಲು ತೆಗೆದವನ ಬೆನ್ನು ತಾನಾಗಿ ಬಗ್ಗಿತು. “ಸುಮಿಮಾಸೆನ್!”

ಬಂದವರು ಐದನೇ ಮಹಡಿಯ, ಅಂದರೆ ಸರಿಯಾಗಿ ಅವರ ಮನೆಯ ಕೆಳಗಿನ, ನಿಶಿದಾ-ಸಾನ್. ಎಪ್ಪತ್ತಾರು ವರ್ಷ, ಒಂಟಿ ಹೆಂಗಸು. ಆರು ವರ್ಷದ ಹಿಂದೆ, ಎರಡು ಪುಟ್ಟ ಪಾದಗಳ ಚಿತ್ರ ಬರೆದು, ಅದರ ಕೆಳಗೆ ‘ಸ್ವಲ್ಪ ಮೆಲ್ಲಗೆ’ ಎಂದು ಚೀಟಿ ಹಾಕಿದ್ದರು. ಅಂದಿನಿಂದ ಹರಿಹರ ಅವರು ಲಿಫ್ಟಿನಲ್ಲಿದ್ದರೆ ಮೆಟ್ಟಿಲು ಹತ್ತುತ್ತಿದ್ದ; ಮೆಟ್ಟಿಲಲ್ಲಿ ಸಿಕ್ಕರೆ ಸುಮಿಮಾಸೆನ್ ಎನ್ನುತ್ತಿದ್ದ. ಈಗ ತೇಜಸ್ವಿ ಮನೆಯಲ್ಲೇ ಇಲ್ಲದಾಗಲೂ ದೂರು ಬಂತಲ್ಲ ಎಂದುಕೊಂಡ.

ನಿಶಿದಾ-ಸಾನ್ ದೂರು ತಂದಿರಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಎರಡು ಕಟ್ಟು ಪಾಲಕ್ ತಂದಿದ್ದರು.

“ಪಾಪಾ, ಶಾಪಲ್ಲಿ ಹೋರೆನ್ಸೋ ಎಲ್ಲ ಖಾಲಿಯಂತೆ,” ಸಾಹಿತ್ಯ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಅವರ ಮಾತನ್ನು ದಾಟಿಸಿದಳು. “ಯಾಕೆ ಅಂತ ಕೇಳಿದ್ರಂತೆ. ಆರನೇ ಮಹಡಿ ಇಂಡಿಯನ್ ಮಕ್ಕಳಿಗೆ ಬೇಕು ಅಂದ್ರಂತೆ. ಸೋ ಶೀ ಬ್ರಾಟ್ ಹರ್ಸ್. ನಿನ್ನೆ ತಗೊಂಡಿದ್ದು, ಬಟ್ ಫ್ರೆಶ್ ಇದೆ ಅಂತಾರೆ.”

“ಅರಿಗಾತೋ,” ಎಂದ ಹರಿಹರ. ಗಡಿಯಾರ ನೋಡಿದ. ಮೂರೂ ಇಪ್ಪತ್ತು.

“ಪುಟ್ಟಿ, ಇವರನ್ನ ಒಂದು ಮಾತು ಕೇಳು. ಅಪ್ಪ ಅಮ್ಮ ಊರಲ್ಲಿ ಇಲ್ಲದಾಗ… ಅಕಸ್ಮಾತ್…” ಎಂದು ಅವನು ತಡವರಿಸಿದ.

ಸಾಹಿತ್ಯಳಿಗೆ ಬಿಡ್ತು ಎಂಬುದೆಲ್ಲ ಗೊತ್ತಿರಲಿಲ್ಲ. ಅಪ್ಪ ಹೇಳಿದ್ದನ್ನೂ, ಹೇಳಲಾರದೆ ನುಂಗಿದ್ದನ್ನೂ ಸೇರಿಸಿ ಜಪಾನಿಯಲ್ಲಿ ನೇರವಾಗಿ ಕೇಳಿಯೇಬಿಟ್ಟಳು. ನಿಶಿದಾ-ಸಾನ್ ಪಾಲಕ್ ಕಟ್ಟನ್ನು ಅವಳ ಕೈಗೆ ಕೊಟ್ಟರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

“ಏನಂತೆ?” ಎಂದ ಹರಿಹರ.

“ನಾವು ಫಿಶ್ ತಿನ್ನಲ್ಲ ಅಲ್ವಾ ಅಂತ. ಹಾಗಾದ್ರೆ ಫಿಶ್ ಇಲ್ದೆ ಸೂಪ್ ಮಾಡೋದು ಕಲೀಬೇಕು ಅಂತಾರೆ.”

“ಅಂದ್ರೆ ಒಪ್ಪಿದ್ರಾ? ನಮ್ಮ ಮಕ್ಕಳನ್ನ ಇವರು ಸರಿಯಾಗಿ ನೋಡೇ ಇಲ್ಲವಲ್ಲ!”

ಸಾಹಿತ್ಯ ಕೇಳಿ ಹೇಳಿದಳು. “ನೋಡಿಲ್ಲ, ಬಟ್ ಕೇಳಿದ್ದಾರಂತೆ. ಆರು ವರ್ಷದಿಂದ. ಯಾವುದು ನನ್ನ ಹೆಜ್ಜೆ, ಯಾವುದು ತೇಜು ಹೆಜ್ಜೆ, ಗೊತ್ತಂತೆ. ಲಾಸ್ಟ್ ವಿಂಟರ್ ತೇಜುಗೆ ಫೀವರ್ ಬಂದಾಗ ಮೇಲೆ ಎರಡು ದಿನ ಸೌಂಡೇ ಇರ್ಲಿಲ್ವಂತೆ. ಅವರಿಗೆ ನಿದ್ದೆ ಬರ್ಲಿಲ್ಲ ಅಂತಾರೆ.”

ಹರಿಹರ ಬಾಗಿಲ ಹಿಡಿಯನ್ನು ಸುಮ್ಮನೆ ಒರೆಸಿದ. ಅದರಲ್ಲಿ ಧೂಳೇನೂ ಇರಲಿಲ್ಲ.

ವಕೀಲರ ಕಚೇರಿ ಎರಡು ಬೀದಿ ಆಚೆ. ನಿಶಿದಾ-ಸಾನ್ ದಾರಿಯುದ್ದಕ್ಕೂ ಸಾಹಿತ್ಯಳ ಕೈ ಹಿಡಿದಿದ್ದರು. ಮೆಟ್ಟಿಲು ಬಂದಾಗ ಇನ್ನಷ್ಟು ಬಿಗಿಯಾಗಿ. ಈಗಲೇ ಎಷ್ಟು ಅಕ್ಕರೆ ಎಂದುಕೊಂಡ ಹರಿಹರ. ಒಕುಮುರಾ ಅವರ ಮುಂದೆ ನಿಶಿದಾ-ಸಾನ್ ಕಾಗದವನ್ನು ಮೂಗಿನ ತುದಿಗೆ ತಂದು ಒಂದೊಂದೇ ಸಾಲು ಓದಿದರು. ಎಷ್ಟು ಜವಾಬ್ದಾರಿ ಎಂದುಕೊಂಡ. ಅವರು ತಮ್ಮ ಹೆಸರಿನ ಮುದ್ರೆ ಒತ್ತಿದರು. ಹರಿಹರನೂ ತನ್ನದನ್ನು ಒತ್ತಿದ. ಅವನ ಮುದ್ರೆಯಲ್ಲಿ ಬರಿಯ ‘ಹರಿ’ ಎಂದು ಕೊರೆದಿತ್ತು. ಜಪಾನಿಯಲ್ಲಿ ಹಾಗೆಂದರೆ ಸೂಜಿ. ಒಕುಮುರಾ ಅದನ್ನು ನೋಡಿ ನಗು ತಡೆದುಕೊಂಡು, ಕಾಗದದ ನಕಲು ತೆಗೆಯಲು ಒಳಗೆ ಹೋದರು.

ಆಗ ನಿಶಿದಾ-ಸಾನ್ ಕೈಚೀಲದಿಂದ ಗುಲಾಬಿ ಬಣ್ಣದ ಕಾಗದವೊಂದನ್ನು ತೆಗೆದು, ಎರಡೂ ಕೈಯಿಂದ ಹರಿಹರನ ಮುಂದೆ ಹಿಡಿದರು. ಬಹಳ ಸಂಕೋಚದಿಂದ ಏನೋ ಹೇಳಿದರು.

“ಪಾಪಾ, ಶೀ ಈಸ್ ಆಸ್ಕಿಂಗ್—”

“ಗೊತ್ತು ಪುಟ್ಟಿ, ಗೊತ್ತು. ಇದಕ್ಕೂ ಸಹಿ.” ಅವನ ಕಣ್ಣ ಮುಂದೆ ಒಕಿನಾವಾ ಮತ್ತೆ ನೀಲಿಯಾಗತೊಡಗಿತ್ತು.

“ನೋ ಪಾಪಾ, ಲಿಸನ್—”

“ಹಾಯ್! ಹಾಯ್, ಹಾಯ್!” ಎನ್ನುತ್ತ ಹರಿಹರ ಸೂಜಿಯನ್ನು ಚುಚ್ಚಿಯೇಬಿಟ್ಟ. ನಿಶಿದಾ-ಸಾನ್ ಎದ್ದು, ಅದರ ಪ್ರತಿಯೊಂದನ್ನು ಅವನ ಕೈಗಿಟ್ಟು, ಹಣೆ ಮೊಣಕಾಲಿಗೆ ತಾಗುವಷ್ಟು ಬಗ್ಗಿ ವಂದಿಸಿದರು. ಎಷ್ಟು ಸೌಜನ್ಯ ಎಂದುಕೊಂಡ.

ನೀರಜಾ ಬಂದಾಗ ಟೇಬಲ್ ಮೇಲೆ ಕಾಗದ, ಸ್ಟೌವ್ ಮೇಲೆ ಪಾಲಕ್ ಸಾರು, ಗಂಡನ ಮುಖದ ಮೇಲೆ ಮಂದಹಾಸ. ಅವಳು ಜಪಾನಿ ಚೆನ್ನಾಗಿ ಓದಬಲ್ಲವಳು. ನಿಂತೇ ಓದಿದಳು.

“ನಿಶಿದಾ-ಸಾನ್! ಎಷ್ಟು ಒಳ್ಳೆ ಯೋಚನೆ ರೀ. ನಂಗೆ ಹೊಳೆದೇ ಇರ್ಲಿಲ್ಲ,” ಎಂದವಳು ಇನ್ನೊಂದು ಸಾಲು ಕೆಳಗಿಳಿದಳು. “ಅಲ್ಲ, ಸೆಪ್ಟೆಂಬರಲ್ಲೇ ಆಗಿದೆ ಅಂದ್ರಿ. ತಾರೀಖು ಇವತ್ತಿಂದಿದೆ?”

“ಹೂಂ,” ಎಂದ ಹರಿಹರ, ಬೇರೆ ದಾರಿಯಿಲ್ಲದೆ.

“ಅದೂ ಇರ್ಲಿ. ಈ ಗುಲಾಬಿ ಕಾಗದ ಏನು?”

“ಅದೂ ಮಕ್ಕಳದ್ದೇ. ಏನೋ ಒಂದು ಫಾರ್ಮು.”

ನೀರಜಾ ಅದನ್ನು ಎರಡು ಸಲ ಓದಿ, ನಿಧಾನವಾಗಿ ಕುರ್ಚಿ ಎಳೆದು ಕೂತಳು. “ಇದು ಕಣ್ಣಾಸ್ಪತ್ರೆಯದ್ದು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನಿಶಿದಾ-ಸಾನ್‌ಗೆ ಕಣ್ಣಿನ ಪೊರೆ ಆಪರೇಷನ್. ಅವರ ಜೊತೆಗೆ ಇರೋರು, ಮನೆಗೆ ಕರ್ಕೊಂಡು ಬರೋರು, ಎರಡು ದಿನ ಔಷಧಿ ಹಾಕೋರು, ಏನಾದ್ರೂ ಆದ್ರೆ ಜವಾಬ್ದಾರರು… ಎಲ್ಲದಕ್ಕೂ ಒಂದೇ ಹೆಸರು. ಹರಿಹರ. ಮುದ್ರೆ ಸಮೇತ.”

“ಐ ಟೋಲ್ಡ್ ಯೂ ಪಾಪಾ,” ಎಂದಳು ಸಾಹಿತ್ಯ, ಪುಸ್ತಕದಿಂದ ತಲೆ ಎತ್ತದೆ. “ಅವರಿಗೂ ಯಾರೂ ಇಲ್ಲ, ಅವರ ಗಾರ್ಡಿಯನ್ ನೀನು ಆಗ್ತೀಯಾ ಅಂತ ಕೇಳಿದ್ರು. ನೀನು ಹಾಯ್ ಹಾಯ್ ಹಾಯ್ ಅಂದೆ. ತ್ರೀ ಟೈಮ್ಸ್.”

ಹರಿಹರ ಹೆಂಡತಿಯ ಮುಖ ನೋಡಿದ. “ಈಗ ಹೋಗಿ ಹೇಳಿದ್ರೆ… ಗೊತ್ತಾಗ್ಲಿಲ್ಲ ಅಂತ…”

“ನಾಚಿಕೆ ಆಗಲ್ವಾ? ನಮ್ಮ ಮಕ್ಕಳ ವಿಷಯಕ್ಕೆ ಅವರು ಒಂದೇ ಮಾತಿಗೆ ಒಪ್ಪಿದ್ದಾರೆ. ಅವರ ಕಣ್ಣಿನ ವಿಷಯಕ್ಕೆ ನೀವು ಗೊತ್ತಾಗ್ಲಿಲ್ಲ ಅಂತ ಹೋಗಿ ಹೇಳ್ತೀರಾ?”

ಹರಿಹರ ಗುಲಾಬಿ ಕಾಗದವನ್ನು ಮಡಿಸಿಟ್ಟು, “ಹಾಗಾದ್ರೆ ಟಿಕೆಟ್ ಎರಡೂ ಕ್ಯಾನ್ಸಲ್ ಮಾಡಿಸ್ತೀನಿ,” ಎಂದ.

“ಎರಡೂ ಯಾಕೆ?” ನೀರಜಾ ಸೂಟ್‌ಕೇಸಿನಿಂದ ಅವನ ಅಂಗಿಗಳನ್ನು ಒಂದೊಂದಾಗಿ ತೆಗೆದು ಹೊರಗಿಡತೊಡಗಿದಳು. “ನನ್ನ ಭಯ ಇದ್ದದ್ದು ಇಬ್ಬರೂ ಒಂದೇ ವಿಮಾನ ಹತ್ತೋದಕ್ಕೆ. ಈಗ ಒಬ್ಬಳೇ ತಾನೆ?”

ಶನಿವಾರ ಮಧ್ಯಾಹ್ನ ಅವರ ಮನೆಯ ಊಟದ ಮೇಜಿನ ಸುತ್ತ ನಾಲ್ವರಿದ್ದರು: ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ನಿಶಿದಾ-ಸಾನ್, ಅವರ ಎಡಬಲಕ್ಕೆ ಇಬ್ಬರು ಮಕ್ಕಳು, ಮತ್ತು ಮೂರನೇ ಸಲ ಪಾಲಕ್ ಸಾರು ಬಡಿಸುತ್ತಿದ್ದ ಹರಿಹರ. ‘ಅಪ್ಪನೇ ಮನೇಲಿದ್ದಾರಲ್ಲ’ ಎಂದು ಕಾಮಾಕ್ಷಿ ತೇಜಸ್ವಿಯನ್ನು ಇವರು ಆಸ್ಪತ್ರೆಯಿಂದ ಬಂದ ಕೂಡಲೇ ತಂದು ಬಿಟ್ಟುಹೋಗಿದ್ದಳು. ಫೋನಿಗೆ ನೀಲಿ ಸಮುದ್ರದ ಫೋಟೋ ಬಂದಿತ್ತು; ಅದರ ಮೂಲೆಯಲ್ಲಿ ಹೊಗೆಯಾಡುವ ಒಂದು ಲೋಟ ಕಾಫಿ.

ನಿಶಿದಾ-ಸಾನ್ ಏನೋ ಕೇಳಿದರು. ಹರಿಹರನ ಬಾಯಿ ತೆರೆಯಿತು, ಹಾಗೇ ಮುಚ್ಚಿಕೊಂಡಿತು.

“ಪುಟ್ಟಿ,” ಎಂದ. “ಏನಂತ ಪೂರ್ತಿ ಕೇಳಿ ಹೇಳು.”

“ಇನ್ನೊಂದು ಕಣ್ಣು ನೆಕ್ಸ್ಟ್ ಮಂತ್ ಅಂತೆ.”

ಅಷ್ಟರಲ್ಲಿ ಗುಂಪಿನಲ್ಲಿ ಉಮಾಶಂಕರ್ ಕಾಳಜಿಯಿಂದ ವಿಚಾರಿಸಿದರು: “ಹರಿ, ಕೊನೆಗೂ ಪಾಲಕರು ಸಿಕ್ಕಿದರೇ?”

ಹರಿಹರ ಒಂದು ಕೈಯಲ್ಲಿ ಸೌಟು ಹಿಡಿದು, ಇನ್ನೊಂದು ಕೈಯಲ್ಲಿ ಉತ್ತರ ಒತ್ತಿದ: “ಸಿಕ್ಕಿದ. ನಾನೇ ಪಾಲಕ.” ಫೋನು ಎಂದಿನಂತೆ ಕೊನೆಯ ‘ಅ’ಕಾರ ಉದುರಿಸಿತು. ಅವನು ಈಗಲೂ ಓದಿ ನೋಡಲಿಲ್ಲ.

ಹತ್ತು ನಿಮಿಷದ ಮೇಲೆ ಬೆಲ್ಲಾಯಿತು. ಲೀಲಾವತಿ ನಿಂತಿದ್ದರು, ಕೈಯಲ್ಲೊಂದು ಡಬ್ಬಿ.

“ಪಾಲಕ್ಕು ನೀನೇ ಅಂದ್ಯಲ್ಲಪ್ಪ,” ಎಂದರು. “ತಗೋ, ಪನೀರ್ ನಾನು ತಂದಿದ್ದೀನಿ.”